ಮೂವತ್ತೊಂದು ಫೆರಿ

ಸ್ವೆನ್‌ಬೋರ್ಗಿನ ಡಾಕ್ಟರಮ್ಮ ಕನ್ನಡಕ ಒರೆಸುತ್ತ ಹೇಳಿದರು:
ಸುಮಾರು ಏಳು ಸಾವಿರದ ಏಳುನೂರು ಹೆಂಗಸರು
ವರ್ಷವಿಡೀ ನುಂಗಿದರೆ
ಒಬ್ಬಳಿಗೆ, ಹೆಚ್ಚಿಗೆ, ಮೊಲೆಯಲ್ಲಿ ಗಂಟು.
ಒಬ್ಬಳಿಗಷ್ಟೇ, ತ್ಯೂರಾ.

ನಾನು ಧಕ್ಕೆಯಲ್ಲಿ ಟಿಕೆಟ್ ಹರಿದುಕೊಡುವವಳು.
ಸಂಖ್ಯೆಯೆಂದರೆ ನನಗೆ ಮುಖ, ಒದ್ದೆ ಕೈಗವಸು, ಚಿಲ್ಲರೆ.
ನಮ್ಮ ಫೆರಿಗೆ ಇನ್ನೂರೈವತ್ತು ಜನ.
ಗಂಡಸರನ್ನೆಲ್ಲ ದಡದಲ್ಲೇ ನಿಲ್ಲಿಸಿ
ಬರೀ ಹೆಂಗಸರನ್ನು ಹತ್ತಿಸಿಕೊಂಡರೂ
ಮೂವತ್ತೊಂದು ಸಲ ದ್ವೀಪಕ್ಕೆ ಹೋಗಬೇಕು
ಆ ಒಬ್ಬಳನ್ನು ದಾಟಿಸಲು.

ಎಲ್ಲಿ ಕೂತಿರುತ್ತಾಳೆ?
ಕಿಟಕಿಯ ಪಕ್ಕ? ಕಾಫಿ ಯಂತ್ರದೆದುರು,
ನಾಣ್ಯ ಹುಡುಕುತ್ತ?

ಅಮ್ಮ ಆರು ಹೆತ್ತಳು.
ಏಳನೆಯದಕ್ಕೆ ಹೆದರಿ
ಅಪ್ಪನಿಗೆ ಬೆನ್ನು ಹಾಕಿ ಮಲಗುತ್ತಿದ್ದಳು, ಉಸಿರು ಬಿಗಿಹಿಡಿದು.
ಆ ಬೆನ್ನನ್ನು ಯಾರು ಎಣಿಸಿದರು,
ಎಷ್ಟು ಸಾವಿರಕ್ಕೊಂದು?

ಅಂಡಾಶಯದ ಕ್ಯಾನ್ಸರು ಮಾತ್ರ ಇದರಿಂದ ಕಡಿಮೆಯಂತೆ.
ಅದನ್ನೂ ಹೇಳಿದರು, ಬಾಗಿಲವರೆಗೆ ಬಂದು.
ಆ ಲೆಕ್ಕಕ್ಕೆ ಎಷ್ಟು ಫೆರಿ, ಕೇಳಲಿಲ್ಲ.

ಇವತ್ತು ಬುಧವಾರ.
ಹಾಳೆಯಲ್ಲಿ ಬುಧವಾರದ ಗುಳಿಗೆ ಇನ್ನೂ ಉಬ್ಬಿಕೊಂಡಿದೆ.
ಸ್ನಾನದ ಮನೆಯಲ್ಲಿ ಎಡಗೈ ಮೇಲೆತ್ತಿ
ಮೂರು ಬೆರಳಲ್ಲಿ ಸುತ್ತ ಒತ್ತಿ ನೋಡಿಕೊಂಡೆ.
ಏನಿಲ್ಲ. ಏನಿಲ್ಲ. ಪಕ್ಕೆಲುಬು.
ಹೊರಗೆ ಕೊನೆಯ ಫೆರಿ ಕೂಗಿತು.
ನೀರು ಹಿಡಿಯುವಷ್ಟೂ ಕಾಯದೆ
ನುಂಗಿದೆ.