ಕಂದು, ಕಪ್ಪು, ಕಪ್ಪು, ಬಂಗಾರ

ಮುಚ್ಚಳ ತೆಗೆದೊಡನೆ ಮೂಗಿಗೇ ಮೊದಲು ಗೊತ್ತಾಯಿತು.
ಸುಟ್ಟ ವಾರ್ನಿಶು, ಅದರಡಿ ಮೀನಿನ ಉಪ್ಪು.
ಇನಾಸನ ಮಾರುತಿ ವ್ಯಾನಿನ ಸೀಟಿನ ಕೆಳಗೆ
ಹದಿನೇಳು ಮಳೆಗಾಲ ಮಲಗಿದ್ದ ಆಂಪ್ಲಿಫೈಯರು
ವಾಸ್ಕೋದ ಈ ಮೆಟ್ಟಿಲಡಿಯ ಅಂಗಡಿಯಲ್ಲಿ
ಹೊಟ್ಟೆ ತೆರೆದು ಬಿದ್ದಿದೆ.

ಬಲಚಾನೆಲ್ಲಿನ ಬದಿ ಮೂರು ರೆಸಿಸ್ಟರು,
ಹುರಿಯಲು ಹಾಕಿ ಮರೆತ ಶೇಂಗಾದ ಹಾಗೆ.
ಬಣ್ಣದ ಪಟ್ಟೆ ಒಂದೂ ಉಳಿದಿಲ್ಲ.
ಮುದ್ದೇಬಿಹಾಳದ ಕಟ್ಟೆಯಲ್ಲಿ ಹೊಸಬರನ್ನು ಕೇಳುವಂತೆ ಕೇಳಿದೆ:
ಎಷ್ಟು ಓಮಿನವರಪ್ಪಾ ನೀವು, ಯಾರ ಪೈಕಿ?

"ಯಾವಾಗ ಹೋಯಿತು?" ಅಂದೆ.
"ಗೊತ್ತಿಲ್ಲ ಪಾತ್ರಾಂವ್" ಎಂದ ಇನಾಸ್,
ತಲೆ ತುಸು ತಿರುಗಿಸಿ ಎಡಗಿವಿ ನನ್ನತ್ತ ಚಾಚಿ.
ಬಲಗಿವಿ ಸತ್ತು ವರ್ಷಗಳಾದವಂತೆ,
ಬಂದರಿನ ವಿಂಚಿನ ಪಕ್ಕ ನಿಂತು ದುಡಿದದ್ದಕ್ಕೆ.
ಡ್ರೈವರನ ಬಲಕ್ಕೆ ಬಾಗಿಲು, ಬಾಗಿಲಲ್ಲಿ ಸ್ಪೀಕರು;
ಅದು ಹಾಡಿದರೂ ಅಷ್ಟೇ, ಬಿಟ್ಟರೂ ಅಷ್ಟೇ ಅವನಿಗೆ.
"ಪೆರ್ಪೆತ್ ಹೇಳಿದಳು.
ನಸುಕಿಗೆ ಖಾರಿವಾಡಾದಿಂದ ಮೀನಬುಟ್ಟಿ ಹೇರಿಕೊಂಡು
ಹಿಂದೆ ಕೂರುತ್ತಾಳಲ್ಲ,
ನಿನ್ನ ಕಡೆಯಿಂದ ಏನೂ ಬರುತ್ತಿಲ್ಲ ಅಂದಳು."

ನಾನು ತಲೆ ಬಗ್ಗಿಸಿದೆ. ಕಾವಿಗೆ ಕಾಯುತ್ತಿತ್ತು ಸೋಲ್ಡರಿಂಗ್ ಕಡ್ಡಿ.

ರೆಸಿಸ್ಟರು ತನ್ನ ತಪ್ಪಿಗೆ ಸುಡುವುದು ಅಪರೂಪ.
ಪಕ್ಕದ ಟ್ರಾನ್ಸಿಸ್ಟರು ಶಾರ್ಟಾಗಿ ಬಾಗಿಲು ಹಾರುಹೊಡೆದು ಕೂತರೆ
ನುಗ್ಗಿದ್ದನ್ನೆಲ್ಲ ಮೈಮೇಲೆ ಹಾಕಿಕೊಂಡು
ಕಡೆಗೆ ಹೊಗೆಯಲ್ಲಿ ಹೇಳುತ್ತದೆ.
ಇದು ತಿಳಿಯದೆ ಬರೀ ಸುಟ್ಟವರನ್ನು ಬದಲಿಸಿ
ಹೊಸಬನಿದ್ದಾಗ ಎರಡು ಸಲ ಬೈಸಿಕೊಂಡಿದ್ದೇನೆ.

ನಕ್ಷೆ ಯಾರ ಹತ್ತಿರವೂ ಇಲ್ಲ. ಮಾಡಿದ ಕಂಪನಿಯೇ ಇಲ್ಲ.
ಆದರೆ ಎಡಚಾನೆಲ್ಲು ಇದೆ:
ಅದೇ ಸಾಲು, ಅದೇ ಜಾಗ, ಕನ್ನಡಿ ಹಿಡಿದಂತೆ,
ಒಂಟಿಯಾಗಿ ಇಷ್ಟು ದಿನ ಹಾಡುತ್ತ ಬಂದ ಅವಳಿ.
ಭೂತಗನ್ನಡಿಯಲ್ಲಿ ಅದರ ಮೈ ಓದಿದೆ:
ಕಂದು, ಕಪ್ಪು, ಕಪ್ಪು, ಬಂಗಾರ.
ಹತ್ತು ಓಮು. ನಂಬದೆ ಒಂದು ಕಾಲೆತ್ತಿ ಮೀಟರಿಟ್ಟೆ.
ಹತ್ತು ಪಾಯಿಂಟ್ ಮೂರು. ಸರಿ.
ಬಂಗಾರವೆಂದರೆ ನಮ್ಮ ಕಸುಬಿನಲ್ಲಿ
ನೂರಕ್ಕೆ ಐದು ತಪ್ಪಿಗೆ ಮಾಫಿ.

ಬೋರ್ಡಿನ ಮೇಲೆ ಕರಿ ಕಚ್ಚಿ ಕೂತಿತ್ತು, ಕೆರೆದೆ.
ಬಿಟ್ಟರೆ ಆ ಇದ್ದಿಲೇ ಕರೆಂಟಿಗೆ ಕಳ್ಳದಾರಿ.
ಇದ್ದಿಲ ಸ್ವಭಾವ ಈ ಊರಿಗೆ ಹೇಳಿಕೊಡಬೇಕಿಲ್ಲ;
ಬಂದರಿನಿಂದ ರಾತ್ರಿಯೆಲ್ಲ ಹಾರಿ
ಬೆಳಿಗ್ಗೆ ಕಿಟಕಿಕಟ್ಟೆಯ ಮೇಲೆ, ಒಣಹಾಕಿದ ಅಂಗಿಯ ಮೇಲೆ,
ಮುಚ್ಚಿಟ್ಟ ಮೊಸರಿನ ಮೇಲೆ ಕೂಡ.
ಸ್ಪಿರಿಟ್ಟಿನ ಹತ್ತಿ ನಾಲ್ಕು ಸಲ ಕಪ್ಪಾಯಿತು.

ಹೊಸ ಟ್ರಾನ್ಸಿಸ್ಟರ್ ಜೋಡಿ, ಅಡಿಗೆ ಅಭ್ರಕದ ಹಾಳೆ.
ಮೂರು ರೆಸಿಸ್ಟರು, ಬೋರ್ಡಿಗೆ ತಾಗದಂತೆ ಬೆರಳ ಉಗುರಿನಷ್ಟು ಎತ್ತರ,
ಗಾಳಿಯಾಡಲಿ.
ಬ್ಯಾಟರಿಗೂ ಅದಕ್ಕೂ ನಡುವೆ ಹೆಡ್‌ಲೈಟಿನ ಬಲ್ಬು ಕಟ್ಟಿದೆ:
ಜೋರಾಗಿ ಉರಿದರೆ ಒಳಗೆ ಬೇನೆ ಇನ್ನೂ ಇದೆ.
ಒಮ್ಮೆ ಮಿಂಚಿತು.
ಇಬ್ಬರೂ ಉಸಿರು ಹಿಡಿದೆವು.
ಆಮೇಲೆ ಎಳೆ ಕೆಂಪಾಗಿ, ಮೆಲ್ಲಗೆ, ಮಾತು ಮರೆತವರಂತೆ ಆರಿತು.

ತಿಯಾತ್ರದ ಹಾಡು ಹಾಕಿದೆ, ಬಲಕ್ಕೆ ಮಾತ್ರ.
ಇನಾಸ್ ಕಿವಿ ಕೊಡಲಿಲ್ಲ, ಅಂಗೈ ಕೊಟ್ಟ
ಸ್ಪೀಕರಿನ ಕೋನಿನ ಮೇಲೆ,
ಜ್ವರ ನೋಡುವಂತೆ.
"ಹಿಂದಿನ ಸೀಟಿಗೆ ಕೇಳುತ್ತದಾ?"
"ನಾಳೆ ನಸುಕಿಗೆ ಗೊತ್ತಾಗುತ್ತದೆ" ಅಂದೆ.
ಮುನ್ನೂರೈವತ್ತು ಎಣಿಸಿ ಕೊಟ್ಟು
ಗ್ಯಾರಂಟಿ ಇದೆಯಾ ಎಂದ.

ಇದೆ, ಆರು ತಿಂಗಳು.
ರೆಸಿಸ್ಟರಿಗೆ ಮಾತ್ರ.