ಟಣ್

ಖಡಕಿಯಲ್ಲಿ ಭಾನುವಾರ.
ಊಟದ ಮೇಜಿಗೆ ಹಳೇ ಮರಾಠಿ ಪೇಪರು ಹಾಸಿ
ಮಾವ ಪಿಸ್ತೂಲಿನ ನಳಿಗೆ ಬಿಚ್ಚಿ, ಮೂತಿ ಕೆಳಗೆ ಹಿಡಿದು
ತಾವೇ ತುಂಬಿದ ತೋಟಾಗಳನ್ನು
ಒಂದೊಂದಾಗಿ ಒಳಗೆ ಬಿಡುತ್ತಾರೆ.
ಬುಧವಾರ ಬಾಲೇವಾಡಿಯಲ್ಲಿ ಪಂದ್ಯ.

ಟಣ್ ಅಂದರೆ ಸರಿ;
ಬೋರಲು ಹಾಕಿದರೆ ತಾನೇ ಜಾರಿ
ಅಂಗೈಗೆ ಬೀಳಬೇಕು.
ಟಪ್ ಅಂದದ್ದು
ಶ್ರೀಖಂಡದ ಖಾಲಿ ಡಬ್ಬಿಗೆ.

ಅಕ್ಕಿ ಆರಿಸುತ್ತ ಕೇಳಿದೆ:
'ಹಗೂರಕ ಒತ್ತಿದ್ರ ಹೋಗೂದಿಲ್ಲೇನ್ರಿ?'

ಕನ್ನಡಕದ ಮೇಲಿಂದ ನೋಡಿದರು.
'ಹೋಗ್ತದ ಮಂದಾ.
ಒತ್ತಿ ಕೂಡಿಸಿದ್ದು
ಹೊರಗ ಬರೂದಿಲ್ಲ, ಅಷ್ಟ.'

ಎಂಟು ವರ್ಷದ ಹಿಂದೆ
ಇದೇ ಮೇಜಿನ ಹತ್ತಿರ
ಅತ್ತೆ ಸೋಪು ಹಚ್ಚಿ, ಗೆಣ್ಣು ಹಿಂಡಿ
ಏರಿಸಿದ ಬಿಲ್ವಾರ
ಮೊರದ ಅಂಚಿಗೆ ತಾಗಿತು.

ಟಪ್.

ಮಾವ ತಲೆಯೆತ್ತಿದರು,
ಕೈಯಲ್ಲಿದ್ದ ತೋಟಾ ನೋಡಿಕೊಂಡರು.
ಅದನ್ನಿನ್ನೂ ಬಿಟ್ಟಿರಲಿಲ್ಲ.