ತಿದ್ದುಪಡಿ

ಮೂವತ್ತೊಂದು ವರ್ಷ ಗದಗಿನ ಒಂದು ಸಣ್ಣ ಪತ್ರಿಕೆಯಲ್ಲಿ
ಕರಡು ತಿದ್ದಿದೆ.
ಮೊಳೆ ಜೋಡಿಸುವ ಕಾಲದಿಂದ ಇದ್ದವನು ನಾನು,
ಅಲ್ಪಪ್ರಾಣ ಮಹಾಪ್ರಾಣ ಎರಡನ್ನೂ
ಕರೆಂಟು ಹೋದಾಗ ಬೆರಳಲ್ಲೇ ಗುರುತು ಹಿಡಿಯುತ್ತಿದ್ದೆ.
ಒಂದು ಒತ್ತು ಜಾರಿದರೆ ರಾತ್ರಿ ನಿದ್ದೆಯಿಲ್ಲ.

ಅಂದು ಬಂದದ್ದು ಆರು ಸಾಲಿನ ಸುದ್ದಿ.
ಮುಳಗುಂದ ನಾಕಾದ ಹತ್ತಿರ ಲಾರಿ. ಒಬ್ಬ ಮಂಗಳಮುಖಿ.
ಹೊಸ ವರದಿಗಾರ ಹುಡುಗ 'ಮೃತಪಟ್ಟಿದ್ದಾಳೆ' ಎಂದು ಬರೆದಿದ್ದ.
ಕೆಂಪು ಪೆನ್ನು ತೆಗೆದು
'ಮೃತಪಟ್ಟಿದೆ' ಮಾಡಿದೆ.
ದ್ವೇಷದಿಂದಲ್ಲ. ದ್ವೇಷವಾಗಿದ್ದರೆ
ಈಗ ಒಪ್ಪಿಕೊಳ್ಳುವುದು ಸುಲಭವಿತ್ತು.
ವ್ಯಾಕರಣ ಎಂದುಕೊಂಡೆ.

ಆರನೇ ಇಯತ್ತೆಯಲ್ಲಿ ಮಾಸ್ತರು ಮೂರು ಲಿಂಗ ಕಲಿಸಿದ್ದರು.
ಮೂರನೆಯದರ ಹೆಸರು ಬೋರ್ಡಿನ ಮೇಲೆ ಬಂದದ್ದೇ
ಹಿಂದಿನ ಬೆಂಚು ಕಿಸಕ್ಕೆಂದಿತು,
ಎಲ್ಲರ ಕತ್ತು ಒಬ್ಬ ಹುಡುಗನ ಕಡೆ ತಿರುಗಿತು.
ಅವನು ಪೆನ್ಸಿಲು ಚೂಪು ಮಾಡುತ್ತಲೇ ಇದ್ದ,
ಪೆನ್ಸಿಲು ಮುಗಿಯುವ ತನಕ.

ಟಾಕೀಸಿನಲ್ಲಿ ಸೀರೆಯುಟ್ಟ ಗಂಡಸು
ಚಪ್ಪಾಳೆ ತಟ್ಟುತ್ತ ತೆರೆಗೆ ಬಂದರೆ ನಗಬೇಕು,
ಯಾರೂ ಹೇಳಿಕೊಟ್ಟದ್ದಲ್ಲ,
ಟಿಕೀಟಿನ ಜೊತೆಗೇ ಬರುತ್ತಿತ್ತು.
ನಾನು ಸಿಳ್ಳೆ ಹೊಡೆಯುತ್ತಿದ್ದೆ. ಚೆನ್ನಾಗಿ ಹೊಡೆಯುತ್ತಿದ್ದೆ.

ಎಂಟು ದಿನ ಬಿಟ್ಟು ಆಫೀಸಿನ ಮೆಟ್ಟಿಲು ಹತ್ತಿದಳು
ಬೆಟಗೇರಿಯ ಸಾವಂತ್ರಿ ಬೇವಿನಗಿಡದ.
ಕೈಯಲ್ಲಿ ಮಿರ್ಚಿ ಕಟ್ಟಿಕೊಟ್ಟ ನಮ್ಮದೇ ಪೇಪರು,
ಎಣ್ಣೆಗೆ ಆಚೆ ಪುಟದ ಜಾಹೀರಾತು ಈಚೆ ಕಾಣುತ್ತಿತ್ತು.

"ತಿಂದ್ವಿ. ಆಮ್ಯಾಲೆ ಓದಿದ್ವಿ.
ಯಾರ್ರಿ ಇದನ್ನ ಬರದಾವ್ರು?"

ಬರೆದವನು ಸರಿಯಾಗಿ ಬರೆದಿದ್ದ.
ತಿದ್ದಿದವನು ನಾನು, ಎಂದೆ.

"ಸತ್ತದ್ದು ಎಮ್ಮಿ ಏನ್ರಿ?
ಹುಲಿಗೆವ್ವ ರೀ ಆಕಿ. ಜಂಪರ್ ಹೊಲೀತಿದ್ಲು,
ನಿಮ್ಮ ಓಣಿ ಹೆಣ್ಮಕ್ಕಳ ಅಳತಿ ಎಲ್ಲಾ
ಆಕಿ ಬಾಯಾಗ ಇತ್ತು.
ಮತ್ತ ಈ ಫೋಟೋ? ಇಕಿ ಹುಬ್ಬಳ್ಳ್ಯಾಕಿ.
ಟೋಲ್ ನಾಕಾದಾಗ ಯಾರೋ ತಗದದ್ದು.
ಇನ್ನ ಗಟ್ಟಿ ಅದಾಳ. ನಿನ್ನೆ ಫೋನ್ ಮಾಡಿ ಅತ್ಲು.
ತನಗಲ್ಲ. ಹುಲಿಗೆವ್ವಗ ಆಕೀದ ಮಾರಿನೂ
ಕೊಡಲಿಲ್ಲಲ್ಲ ಅಂತ."

ಹೌದು. ನಮ್ಮ ಕಂಪ್ಯೂಟರಿನಲ್ಲಿ 'ಮಂಗಳಮುಖಿ' ಎಂದು ಒತ್ತಿದರೆ
ಸಿಗುವುದು ಒಂದೇ ಫೋಟೋ.
ಹಬ್ಬಕ್ಕೆ, ಕಳ್ಳತನಕ್ಕೆ, ಮತದಾನಕ್ಕೆ, ಸಾವಿಗೆ
ಅದೇ ಎತ್ತಿದ ಅಂಗೈ.
ಎತ್ತುಗಳದ್ದೇ ನಲವತ್ತು ಇದ್ದವು.

ಚಹಾ ಬಂತು. ಬಸಿಗೆ ಸುರುವಿ, ಆರಿಸಿ, ಕುಡಿದಳು.
"ನಾ ಏಳನೇ ಇಯತ್ತೆ ಕಲಿಯುಮುಂದ
ನನ್ನಂಥಾಕಿ ಎಲ್ಲ್ಯಾರ ಅದಾಳೇನು ಅಂತ ಹುಡುಕತಿದ್ದೆ.
ಸಿನಿಮಾದಾಗ ಸಿಕ್ಕಳು.
ಮಂದಿ ನಕ್ಕರು. ನಮ್ಮಪ್ಪ ನಕ್ಕ.
ಅಪ್ಪನ ಬಾಜೂಕ ಕುಂತಿದ್ದೆ,
ನಾನೂ ನಕ್ಕೆ ರೀ, ಎಲ್ಲಾರಿಗಿಂತ ಜೋರಾಗಿ."

ಯಾವ ಟಾಕೀಸು ಎಂದು ನಾನು ಕೇಳಲಿಲ್ಲ.
ಗದಗ ದೊಡ್ಡ ಊರೇನಲ್ಲ.

ಸಂಪಾದಕರು ಏಳನೇ ಪುಟದಲ್ಲಿ ಎರಡು ಸಾಲು ಕೊಟ್ಟರು,
ಹರಾಜು ನೋಟೀಸಿನ ಕೆಳಗೆ.
ನಾನೇ ಬರೆದೆ. ನಾಲ್ಕು ಸಲ ಓದಿದೆ.
'ದ್ದಾಳೆ' ಬಂದಿದೆಯೇ ಎಂದು ಬೆರಳಿಟ್ಟು ನೋಡಿದೆ.
ಬಂದಿತ್ತು.

ಬೆಳಿಗ್ಗೆ ಏಳಕ್ಕೆ ಫೋನು.
"ಸರ, ನಾ ಸತ್ತೀನಂತ."

ಆ ಕೊನೆಯ ಅಕ್ಷರಗಳ ಮೇಲೆಯೇ ಕಣ್ಣಿಟ್ಟವನಿಗೆ
ಹೆಸರು ಕಂಡಿರಲಿಲ್ಲ.
ಹುಲಿಗೆವ್ವ ಎಂದಿರಬೇಕಾದಲ್ಲಿ
ಸಾವಂತ್ರಿ ಎಂದು ಅಚ್ಚಾಗಿತ್ತು.
ಮೂವತ್ತೊಂದು ವರ್ಷ! ನಾಲಿಗೆ ಒಣಗಿತು.

ಆಚೆಯಿಂದ ನಗು. ಅದರ ಹಿಂದೆ
ಯಾರೋ ಹೊಲಿಗೆ ಮಶೀನು ತುಳಿಯುವ ಸದ್ದು.

"ಇರ್ಲಿ ಬಿಡ್ರಿ. ಹುಲಿಗೆವ್ವಂದು ನಾಳೆ ಮತ್ತ ಹಾಕ್ರಿ,
ಫೋಟೋ ನಾ ಕೊಡ್ತೀನಿ.
ಇದನ್ನ ಕತ್ತರಿಸಿ ಇಟ್ಕೊಂಡೀನಿ.
'ಮೃತಪಟ್ಟಿದ್ದಾಳೆ' ಅಂತ ಬಂದೈತಲ್ಲ,
ಊರಿಗೆ ಹೋಗಿ ನಮ್ಮಪ್ಪಗ ತೋರಸ್ತೀನಿ.
ಅವಗ ಓದಾಕ ಬರ್ತೈತಿ."